ನಿಮ್ಮ ಮನೆಗೂ ಅದೇ ನೀರು ಬರಲಿ

ವಿಶ್ವವಿದ್ಯಾಲಯದ ಕಟ್ಟಡ ಮತ್ತು ಇಂಧನ ವಿಭಾಗದ ಮಾನ್ಯ ನಿರ್ದೇಶಕರೇ,

ಬಾಣಂತಿಗೆ ನೀರು ಕಾಯಿಸಿದ ಅಪರಾಧಕ್ಕೆ ನಾವು ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕೆಂದು ನಿಮ್ಮ ಕಚೇರಿ ನೋಟಿಸು ಕೊಟ್ಟಿದೆ. ಇಂಗ್ಲಿಷಿನಲ್ಲಿ ಬರೆದ ಯಾವ ಇಮೇಲಿಗೂ ನೀವು ಉತ್ತರಿಸಲಿಲ್ಲ. ಆದ್ದರಿಂದ ಬೇ ಏರಿಯಾದ ಈ ಕನ್ನಡ ಪತ್ರಿಕೆಗೆ ಬರೆಯುತ್ತಿದ್ದೇನೆ. ಇಲ್ಲಿ ಓದುವವರಾದರೂ ಇದ್ದಾರೆ.

ಕಳೆದ ವರ್ಷ ವಿಶ್ವವಿದ್ಯಾಲಯ ತನ್ನ ಬಾಯ್ಲರುಗಳನ್ನು ಮುಚ್ಚಿ ನಗರದ ಸಾಮೂಹಿಕ ಬಿಸಿನೀರಿನ ಜಾಲಕ್ಕೆ ಸೇರಿತು. ಒಂದು ಸ್ಥಾವರದಲ್ಲಿ ಕಾದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಎಲ್ಲ ಕಟ್ಟಡಗಳಿಗೂ ಶಾಖ ಕೊಡುತ್ತದೆ. ಯೋಜನೆ ಒಳ್ಳೆಯದು. ಅದರ ಪರವಾಗಿ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಶಾಖಕ್ಕೆ ಕೊರತೆಯಿಲ್ಲವೆಂದು ನಗರದ ಎಂಜಿನಿಯರುಗಳೇ ಹೇಳುತ್ತಾರೆ. ಹಾಗಾದರೆ ಸಂಶೋಧಕರ ಕುಟುಂಬಗಳಿರುವ ನಮ್ಮ ಕಟ್ಟಡಕ್ಕೆ ಮಾತ್ರ ಉಗುರುಬೆಚ್ಚಗಿನ ನೀರೇಕೆ? ನಮ್ಮ ಕಟ್ಟಡಕ್ಕೆ ಬರುವ ಕೊಳವೆಯ ಕವಾಟವನ್ನು ಅರ್ಧ ಮುಚ್ಚಿಸಿ, ಇಂಧನ ಉಳಿತಾಯದ ಪ್ರಶಸ್ತಿ ಹಿಡಿದು ಫೋಟೊಗೆ ನಿಂತವರು ಯಾರು?

ನನ್ನ ಹೆಂಡತಿ ಸಂಯುಕ್ತಾಳ ಬಾಣಂತನಕ್ಕೆಂದು ಮಂಡ್ಯದಿಂದ ಬಂದ ಅತ್ತೆ ಲಿಂಗಮ್ಮನವರು ನಲ್ಲಿಗೆ ಕೈಯೊಡ್ಡಿ ನೋಡಿದರು. "ಅಳಿಯಂದ್ರೇ, ಈ ನೀರ್ನ ಕುರಿಗೂ ಉಯ್ಯಾಕಾಗಕಿಲ್ಲ. ಹಸಿಮೈ ಬಾಣಂತಿಗೆ ಉಯ್ಯದಾ?" ಎಂದು ಒಲೆಯ ಮೇಲೆ ಸಾಲಾಗಿ ಪಾತ್ರೆಗಳನ್ನಿಟ್ಟರು. ಹಬೆ ತುಂಬಿ ಅಲಾರಮ್ಮು ಕೂಗಿತು. ಇಡೀ ಕಟ್ಟಡ ಹೊರಗೆ ಬಂತು. ತಲೆಯಿಂದ ಹರಳೆಣ್ಣೆ ಸೋರುತ್ತಿದ್ದ ಸಂಯುಕ್ತಾ ಟವೆಲಿನಲ್ಲಿ ಸುತ್ತಿದ ಕೂಸನ್ನು ಹಿಡಿದು, ಕೊಲ್ಲಿಯ ಗಾಳಿಗೆ ಪಾರ್ಕಿಂಗ್ ಲಾಟಿನಲ್ಲಿ ನಡುಗುತ್ತ ನಿಂತಳು.

ಏನು ಅಡುಗೆ ಮಾಡುತ್ತಿದ್ದಿರಿ ಎಂದು ಅಗ್ನಿಶಾಮಕದವನು ಕೇಳಿದ. "ಬರೀ ನೀರು ಕಣಪ್ಪ. ರಾಗಿಹಿಟ್ಟು ತಂದ್ರೆ ಮುದ್ದೆ ಮಾಡಿಕ್ತೀನಿ ಅನ್ನಿ," ಎಂದರು ಅತ್ತೆ. ನಾನು ಅನುವಾದಿಸಿದೆ, ಆತ ನಕ್ಕ. ನಿಮ್ಮ ಕಚೇರಿ ಮಾತ್ರ ನಗಲಿಲ್ಲ, ನೋಟಿಸಿನಲ್ಲಿ "ಅಪಾಯಕಾರಿ ಅಡುಗೆ" ಎಂದು ಬರೆಯಿತು.

ಮಾನ್ಯರೇ, ಕ್ಯಾಂಪಸ್ಸಿನ ಗುಡ್ಡದ ಮೇಲಿರುವ ನಿಮ್ಮ ಅಧಿಕೃತ ನಿವಾಸ ಈ ಜಾಲಕ್ಕೆ ಸೇರಿಲ್ಲ. ಅದು ಪಾರಂಪರಿಕ ಕಟ್ಟಡವಂತೆ, ಅದಕ್ಕೆ ಹಳೆಯ ಗ್ಯಾಸ್ ಬಾಯ್ಲರೇ ಬೇಕಂತೆ. ಭೂಮಿಯನ್ನು ಉಳಿಸುವ ಪುಣ್ಯವೆಲ್ಲ ಬಾಣಂತಿಯರ ಪಾಲಿಗೇ ಬಂತೇ?

ನೋಟಿಸು ಹಿಂತೆಗೆದುಕೊಳ್ಳಿ, ಕವಾಟ ಪೂರ್ತಿ ತೆರೆಯಿರಿ. ಇವೆರಡನ್ನೂ ಮಾಡಿದ ಮಾತ್ರಕ್ಕೆ ನಾನು ಸುಮ್ಮನಾಗುತ್ತೇನೆಂದು ತಿಳಿಯಬೇಡಿ. ಬಿಸಿನೀರಿನ ಜಾಲದ ಎರಡನೇ ಹಂತದ ಬಗ್ಗೆ ನಗರಸಭೆ ಮಂಗಳವಾರ ಮತ ಹಾಕಲಿದೆ. ಮೊದಲ ಸಂಪರ್ಕ ನಿಮ್ಮ ನಿವಾಸಕ್ಕೆ, ಅದೂ ನಮ್ಮದೇ ಕವಾಟದಿಂದ ಎಂಬ ತಿದ್ದುಪಡಿಯನ್ನು ಸದಸ್ಯರೊಬ್ಬರು ಮಂಡಿಸಲಿದ್ದಾರೆ. ಅದಕ್ಕಾಗಿ ಅವರ ಬಾಗಿಲು ಕಾದವನು ನಾನೇ. ಮಂಗಳವಾರ ನಮ್ಮ ಕಟ್ಟಡದವರೆಲ್ಲ ಸಭೆಗೆ ಬರುತ್ತೇವೆ.

ತಿದ್ದುಪಡಿಯ ಸುದ್ದಿ ಕೇಳಿ ಅತ್ತೆ ಹೇಳಿದ್ದು ಇಷ್ಟೇ: "ಮೊದಲ್ನೇ ದಿನ ಅವ್ರಿಗೆ ನೀರು ಉಯ್ಯಾಕೆ ನಾನೇ ಬತ್ತೀನಿ."

ಇಂತಿ,
ತಿಂಗಳ ಕೊನೆಯವರೆಗಾದರೂ ನಿಮ್ಮ ಬಾಡಿಗೆದಾರನಾಗಿರುವ
ಮಧುಕರ್