ಹಸುವಿನ ಜೊತೆ ಹೋದ ಹಗ್ಗ

೧೫ ಜುಲೈ, ಬುಧವಾರ, ಸುಂಕದಕಟ್ಟೆ

ಹಗ್ಗ ಕೊಡಬಾರದಿತ್ತು. ಸಂಜೆಯಿಂದ ಅದೊಂದೇ ತಲೆಯಲ್ಲಿದೆ.

ಬೆಳಿಗ್ಗೆ ನಮ್ಮ ಸೀಮೆಹಸುವನ್ನು ಮಾರಿದೆವು. ಮೇಯಲು ಇಲ್ಲಿ ಜಾಗವೇ ಉಳಿದಿಲ್ಲ. ಕೊಂಡವರು ಬಂದಾಗ ಅತ್ತೆ ಒಳಗೇ ಕುಳಿತಿದ್ದರು; ಗೂಟದಿಂದ ಹಗ್ಗ ಬಿಚ್ಚಿ ಕೊಂಡವರ ಕೈಗಿಟ್ಟವಳು ನಾನೇ. ಆಮೇಲೆ ಪಾಠ ಮಾಡಲು ಸ್ಕೂಲಿಗೆ ಹೋದೆ.

ಎಂಟನೇ ಕ್ಲಾಸಿಗೆ ಇವತ್ತು ಇಂಗ್ಲಿಷ್ ಪದಗಳ ಹುಟ್ಟು. ‘ಕ್ಯಾಟಲ್’ ಅಂದರೆ ಮೊದಲು ದನವಲ್ಲ, ಆಸ್ತಿ. ಮನೆಯ ಸಾಮಾನೆಲ್ಲ ಅದರಲ್ಲೇ ಸೇರಿತ್ತು ಎಂದೆ. ‘ಹೈಬ್ರಿಡ್’ ಅಂದರೆ ಲ್ಯಾಟಿನ್ನಿನಲ್ಲಿ ಸಾಕುಹಂದಿಗೆ ಕಾಡುಹಂದಿಯಿಂದ ಹುಟ್ಟಿದ ಮರಿ ಎಂದಾಗ ಎಲ್ಲರೂ ನಕ್ಕರು. ಕೀರ್ತನಾ ಮಾತ್ರ ಕೇಳಿದಳು, “ಮಿಸ್, ಹಾಗಾದ್ರೆ ಆಗ ಹಸೂನೂ ಮಂಚಾನೂ ಒಂದೇನಾ?”

ಹೌದು ಎಂದೆ. ಏನೂ ಅನ್ನಿಸಲಿಲ್ಲ.

ಮನೆಗೆ ಬಂದಾಗ ಅತ್ತೆ ಕೇಳಿದ್ದು ಒಂದೇ. “ಹಗ್ಗ ಎಲ್ಲಮ್ಮ?”

“ಅವರಿಗೇ ಕೊಟ್ಬಿಟ್ಟೆ ಅತ್ತೆ.”

“ಹಸು ಕೊಟ್ರೂ ಹಗ್ಗ ಕೊಡಬಾರ್ದು ಕಣಮ್ಮ. ಕೊಟ್ಟಿಗೇಲಿ ಮತ್ತೆ ಹಸು ನಿಲ್ಲಲ್ಲ.”

ಬೈಯಲಿಲ್ಲ. ಹಾಲು ಕರೆಯುವ ಹೊತ್ತಿಗೆ ಎದ್ದು ಹೋಗಿ, ಬರೀ ಗೂಟದ ಸುತ್ತ ಗುಡಿಸಿ, ಕೈ ತೊಳೆದು ಬಂದರು.

ನನಗೆ ಅಳುವೂ ಬರುತ್ತಿಲ್ಲ. ನಾಳೆಯಿಂದ ಪ್ಯಾಕೆಟ್ ಹಾಲು. ಅರ್ಧ ಲೀಟರ್ ಸಾಕೇನೋ. ಅತ್ತೆ ಅದನ್ನು ಕುಡಿಯುತ್ತಾರೋ ಇಲ್ಲವೋ.