ಮೊಳೆಗೊಂದು ಪ್ರಶಸ್ತಿ

ಮಾರ್ಚ್ 3, ಬೆಳಗ್ಗೆ

ಹೊಲಿಯಬೇಕಾದ ಸ್ಕೂಲ್ ಯೂನಿಫಾರ್ಮ್ ಇನ್ನೂ ಆರು ಬಾಕಿ. ಅಳತೆ ಟೇಪು ಹುಡುಕುತ್ತಾ ಬಾಗಿಲ ಹಿಂದೆ ಕೈ ಹಾಕಿದೆ. ಮೊಳೆಯಲ್ಲಿ ಕೊಡೆ. ಕೊಡೆಯ ಹಿಂದೆ ಇವರ ಬ್ಯಾಡ್ಜು! ಅಣುಸ್ಥಾವರದೊಳಗೆ ಮೈಗೆ ಎಷ್ಟು ವಿಕಿರಣ ತಾಗಿತು ಅಂತ ಅಳೆಯುವುದು ಇದೇ. ಗುತ್ತಿಗೆಯ ಪೈಪ್ ಫಿಟ್ಟರ್‌ನ ಎದೆಯ ಮೇಲೆ ಇರಬೇಕಾದದ್ದು ಇಲ್ಲಿ ತೂಗಾಡುತ್ತಿದೆ. ಪಾಪ, ಮರೆತರೇನೋ ಅಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕ.

ಅದೇ ದಿನ, ಸಂಜೆ

ಮರೆತದ್ದಲ್ಲ.

"ಅದ್ರಲ್ಲಿ ಅಂಕಿ ಏರಿದ್ರೆ ವರ್ಷ ಮುಗಿಯೋವರೆಗೂ ಒಳಗೆ ಬಿಡಲ್ಲ ಕಣೇ. ಮೇಸ್ತ್ರೀನೇ ಹೇಳೋದು, ಬಿಟ್ಟು ಬನ್ನಿ ಅಂತ. ಎಲ್ರೂ ಬಿಟ್ಟೇ ಬರ್ತಾರೆ."

"ಎಲ್ರೂ ಬಾವಿಗೆ ಬಿದ್ರೆ ನೀವೂ ಬೀಳ್ತೀರಾ?"

"ಕೆಲಸ ಹೋದ್ರೆ ನಿನ್ನ ಮಗಳ ಕಾಲೇಜು ಯಾರು ನೋಡ್ತಾರೆ?"

ಈಗ ನನ್ನ ಮಗಳಾದಳು! ಸಿಟ್ಟಿನಲ್ಲಿ ಎರಡೂ ತೋಳು ಎಡಗೈಗೇ ಕತ್ತರಿಸಿಬಿಟ್ಟೆ. ಬಟ್ಟೆ ದಂಡ.

ಮಾರ್ಚ್ 9

ಭಾವ ಬಂದಿದ್ದರು. ಅದೇ ಸ್ಥಾವರದಲ್ಲಿ ಎಂಜಿನಿಯರ್. ಎರಡನೇ ಸ್ಥಾವರ ಬೇಕೋ ಬೇಡವೋ ಅಂತ ಬುಧವಾರ ಟೌನ್ ಹಾಲಿನಲ್ಲಿ ಚರ್ಚೆ, ಭಾಷಣ ಅವರದ್ದೇ. ಅತಿ ಕಡಿಮೆ ವಿಕಿರಣ ತಾಗಿದ ಕೆಲಸಗಾರನಿಗೆ ಅಲ್ಲೇ ಸುರಕ್ಷತಾ ಪ್ರಶಸ್ತಿ. ಯಾರಿಗೆ? ಇವರಿಗೆ! ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ... ಪ್ರಶಸ್ತಿ ಸಲ್ಲಬೇಕಾದದ್ದು ಮೊಳೆಗೆ. ಕೊಡೆಗೂ ಒಂದು ಕೊಡಲಿ. ಇವರು ತಲೆ ತಗ್ಗಿಸಿ ಚಹಾ ಕುಡಿದರು. ನನಗೆ ಮೈಯೆಲ್ಲ ಉರಿಯಿತು.

ಮಾರ್ಚ್ 12

ಭಾವ ಪರದೆ ಮೇಲೆ ತೋರಿಸಿದ್ದೇ ತೋರಿಸಿದ್ದು. ಕರೆಂಟು ಅಗ್ಗ, ಹೊಗೆಯಿಲ್ಲ. ಹೊಗೆಯಿಲ್ಲ, ನಿಜ. ಕಲ್ಲಿದ್ದಲಿನ ಬೂದಿ ಉಸಿರಾಡಿಯೇ ಅಪ್ಪ ಸತ್ತದ್ದು, ಅದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಒಬ್ಬ ಲೆಕ್ಚರರ್ ಎದ್ದರು. "ನಾಳೆ ಸ್ಥಾವರ ಹಳೇದಾದ್ಮೇಲೆ ಇದನ್ನ ಒಡೆಯೋ ಖರ್ಚು? ವಿಕಿರಣದ ಕಸವನ್ನ ಮೊಮ್ಮಕ್ಕಳ ಕಾಲದವರೆಗೂ ಕಾಯೋ ಖರ್ಚು? ಅದೆಲ್ಲ ಈ ಬೆಲೇಲಿ ಇದೆಯಾ?"

ಭಾವ ಜಾರಿಕೊಂಡರು. "ಎಲ್ಲಾ ಸೇರಿಸಿದೀವಿ ಸಾರ್. ನಮ್ಮ ಕೆಲಸಗಾರರ ಅಂಕಿ ನೋಡಿ, ಒಬ್ಬರಿಗೂ ತೊಂದರೆ ಇಲ್ಲ." ಅಂದವರೇ ಇವರನ್ನು ವೇದಿಕೆಗೆ ಕರೆದರು. ಚಪ್ಪಾಳೆ!

ತಡೆಯಲಾಗಲಿಲ್ಲ. ಬರುವಾಗ ಮೊಳೆಯಿಂದ ಎತ್ತಿಕೊಂಡು ಬಂದಿದ್ದ ಬ್ಯಾಡ್ಜನ್ನು ಪರ್ಸಿನಿಂದ ತೆಗೆದು ಎತ್ತಿ ಹಿಡಿದೆ.

"ಭಾವ, ಆ ಅಂಕಿ ನಮ್ಮನೆ ಬಾಗಿಲದ್ದು! ಸ್ಥಾವರ ಬೇಡ ಅಂತಿಲ್ಲ ನಾನು. ಅಗ್ಗ ಅನ್ನೋಕೆ ಮುಂಚೆ ನನ್ನ ಗಂಡನ ಮೈನೂ ಲೆಕ್ಕಕ್ಕೆ ತಗೊಳ್ಳಿ."

ಇವರು ಫಲಕ ಹಿಡಿದು ನಿಂತೇ ಇದ್ದರು. ನನ್ನ ಕಡೆ ನೋಡಲಿಲ್ಲ.

ಮಾರ್ಚ್ 20

ವಾರವಿಡೀ ಇವರದ್ದು ಮಾತಿರಲಿಲ್ಲ ಕತೆಯಿರಲಿಲ್ಲ. ಕೆಲಸ ಹೋಗಿಲ್ಲ. ಊರೇ ನೋಡಿದೆಯಲ್ಲ, ತೆಗೆಯುವ ಧೈರ್ಯ ಯಾರಿಗಿದೆ? ಮೇಸ್ತ್ರಿ ಮಾತ್ರ ಗುರ್ ಅನ್ನುತ್ತಾನಂತೆ. ನಿನ್ನೆ ಊಟಕ್ಕೆ ಕೂತಾಗ ಬಾಯಿಬಿಟ್ಟರು: "ಇನ್ಮೇಲೆ ಹಾಕ್ಕೊಂಡೇ ಹೋಗ್ತೀನಿ. ಸಾಕಾ?"

ಸಾಕು. ನನಗೆ ಬೇಕಿದ್ದದ್ದೂ ಅಷ್ಟೇ.

ಮಾರ್ಚ್ 24, ಬೆಳಗ್ಗೆ

ಮೊಳೆಯಲ್ಲಿ ಕೊಡೆ ಒಂದೇ. ದಿನಾ ನೋಡುತ್ತೇನೆ, ಒಂದೇ. ಹಾಳು ಸಿಟ್ಟೂ ಒಮ್ಮೊಮ್ಮೆ ಕೆಲಸಕ್ಕೆ ಬರುತ್ತದೆ. ಪಾಪ, ಎಷ್ಟು ಬೈದೆ... ಸಂಜೆ ಬಂದಾಗ ಎರಡು ಒಳ್ಳೆ ಮಾತಾಡಬೇಕು. ಈಗ ಒಂದು ಲೋಟ ಚಹಾ ಕುಡಿದು ಯೂನಿಫಾರ್ಮಿಗೆ ಕೂರುತ್ತೇನೆ.

ಕೈಡಬ್ಬದ ಸಕ್ಕರೆ ಮುಗಿದಿತ್ತು. ಅಟ್ಟದ ಮೇಲಿನ ದೊಡ್ಡ ಡಬ್ಬ ಇಳಿಸಿದೆ. ಮುಚ್ಚಳ ತೆಗೆದರೆ, ಸಕ್ಕರೆಯ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಬ್ಯಾಡ್ಜು.

ಈ ಹೊತ್ತಿಗೆ ಇವರು ಒಳಗಿರುತ್ತಾರೆ. ಎದೆಯ ಮೇಲೆ ಏನೂ ಇಲ್ಲ. ಚಪ್ಪಲಿ ಎಲ್ಲಿ... ಈಗಲೇ ಸ್ಥಾವರದ ಗೇಟಿಗೆ ಹೋಗಿ ಆ ಮೇಸ್ತ್ರಿಯ—