ಬಿಗಿಲಿನವನ ರಿವಾಲ್ವರ್

೯ ಆಜೂರ್ ೧೩೪೭ ಫಸಲಿ (ಇಂಗ್ಲಿಷ್ ೧೯೩೭), ನಾರಾಯಣಪೇಟೆ

ಪೊಲೀಸ್ ಠಾಣೆಯಲ್ಲಿ ಅದೇ ಗುಮಾಸ್ತೆ ಕೆಲಸ. ರಿಜಿಸ್ಟರಿಗೆ ಗೆರೆ ಎಳೆದೆ, ಮಸಿ ಕಲಸಿದೆ. ಮಧ್ಯಾಹ್ನ ಮಕ್ತಲ್‌ನಿಂದ ಮೈಲಮ್ಮ ಅಂತ ಒಬ್ಬ ಮುದುಕಿ ಬಂದಳು. ಗಂಡ ಉರುಕುಂದಪ್ಪ ರಿಸಾಲೆಯಲ್ಲಿ ದಫೇದಾರನಾಗಿದ್ದ, ಹೋದ ತಿಂಗಳು ತೀರಿಕೊಂಡನಂತೆ. ಹಳೆ ಸೀರೆಯ ಗಂಟು ಬಿಚ್ಚಿ ಒಂದು ರಿವಾಲ್ವರ್ ಮೇಜಿನ ಮೇಲಿಟ್ಟಳು.

"ಇದು ನಮ್ಮದಲ್ರಿ. ಸಾಯೂ ಮುಂದನೂ ಅದನ್ನ ಅಂದ್ರು."

ಲೈಸೆನ್ಸಿಲ್ಲ. ಠಾಣೆಯ ಮುಖ್ಯಸ್ಥ ಅಮೀನ್ ಸಾಹೇಬರು ತಪಾಸಣೆ ನನಗೇ ಹಚ್ಚಿದರು. "ಎಂಕಪ್ಪ, ನಂಬರ್ ನೋಡಿ ಹೈದರಾಬಾದಿಗೆ ಬರಿ. ಯಾರ್ಯಾರ ಕೈಯಾಗ ಇತ್ತು, ಪೂರಾ ತಿಳೀಬೇಕು."

ಎಣ್ಣೆ ಬಟ್ಟೆಯಿಂದ ಒರೆಸಿದೆ. ನಂಬರ್ ೪೧೭. ರಿಸಾಲೆ ಅಂದರೆ ಕುದುರೆ ಪಡೆ. ಅಣ್ಣ ಆದೆಪ್ಪ ಅದರಲ್ಲೇ ಬಿಗಿಲು ಊದುತ್ತಿದ್ದ. ದೊಡ್ಡ ಲಡಾಯಿಗೆ ಹಡಗು ಹತ್ತಿ ಹೋದವನು ಅಲ್ಲಿಂದ ಓಡಿಹೋದ. ಅವನ ಹೆಸರನ್ನು ಇಪ್ಪತ್ತು ವರ್ಷದಿಂದ ಮನೆಯಲ್ಲಿ ಯಾರೂ ಎತ್ತಿಲ್ಲ. ಇಲ್ಲಿ ಬರೆದರೆ ಯಾರಿಗೆ ಗೊತ್ತಾಗುತ್ತದೆ...

೨೧ ಬಹಮನ್

ಹೈದರಾಬಾದಿನಿಂದ ಜವಾಬು ಬಂತು. ನಂಬರ್ ೪೧೭, ಖರೀದಿ ೧೩೧೯. ಮೊದಲು ಒಬ್ಬ ಜಮಾದಾರನ ಹತ್ತಿರ ಇತ್ತು. ಆಮೇಲೆ, ೧೩೨೪ರಲ್ಲಿ — "ಬಿಗಿಲಿನ ಆದೆಪ್ಪ ವಲ್ದ ಮೊಗುಲಪ್ಪ, ನಾರಾಯಣಪೇಟೆ."

ವಲ್ದ ಮೊಗುಲಪ್ಪ, ಮೊಗುಲಪ್ಪನ ಮಗ. ನಮ್ಮ ಅಪ್ಪನ ಹೆಸರು. ನಮ್ಮ ಊರು. ನೀರು ಕುಡಿದು ಬಂದು ಮತ್ತೆ ಓದಿದೆ. ೧೩೨೭ರ ಲಡಾಯಿಯಲ್ಲಿ ಕುದುರೆ ಸತ್ತಿತು, ಸವಾರ ಮಫ್ಕೂದ್. ಪಕ್ಕದಲ್ಲಿ ಸಿಕ್ಕ ರಿವಾಲ್ವರ್ ಉರುಕುಂದಪ್ಪನಿಗೆ.

ಮಫ್ಕೂದ್ — ಕಾಣೆಯಾದವನು. ಮಫ್ರೂರ್ ಅಲ್ಲ. ಮಫ್ರೂರ್ ಅಂದರೆ ಓಡಿಹೋದವನು. ಗೀಚಿ ಬರೆದರೆ ಉರ್ದುವಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ನಡುವಿನ ಅಕ್ಷರಕ್ಕೆ ಎರಡು ಚುಕ್ಕೆ ಇದ್ದರೆ ಕಾಣೆ, ಇಲ್ಲದಿದ್ದರೆ ಓಟ.

ಆಗ ರಿಸಾಲೆಯಿಂದ ಬಂದ ಕಾಗದ ಓದಿದವನು ನಾನು. ಹದಿಮೂರು ವರ್ಷ. ಮನೆಯಲ್ಲಿ ಉರ್ದು ಬರುತ್ತಿದ್ದವನು ನಾನೊಬ್ಬನೇ, ಅದರ ಜಂಬ ಬೇರೆ. ಮಫ್ರೂರ್ ಅಂತ ಗಟ್ಟಿಯಾಗಿ ಓದಿದೆ. ಅಪ್ಪ ಎದ್ದು ಹೊರಗೆ ಹೋದ. ಮರ್ಯಾದೆಯ ಮಾತು, ಬೇರೆ ಯಾರಿಗೂ ಕಾಗದ ತೋರಿಸಲಿಲ್ಲ. ಅತ್ತಿಗೆ ಹಂಪಮ್ಮ ಅದನ್ನು ತೆಗೆದುಕೊಂಡು ಗದ್ವಾಲಿನ ತವರಿಗೆ ಹೋದಳು.

ನಾನು ತಪ್ಪು ಓದಿರಲಿಕ್ಕಿಲ್ಲ, ಕಾಗದ ಬರೆದವನೇ ತಪ್ಪು ಬರೆದಿರಬಹುದು. ದೇವರೇ, ಹಾಗೇ ಆಗಿರಲಿ.

೨೬ ಬಹಮನ್, ಮಕ್ತಲ್

ಮೈಲಮ್ಮನ ಮನೆಗೆ ಹೋದೆ. ಠಾಣೆಯವರು ಅಂತ ಕಂಬಳಿ ಹಾಸಿದಳು.

"ಲಡಾಯಿ ಮುಗಿದ ಮ್ಯಾಲ ನಮ್ಮವ್ರು ನಿಮ್ಮೂರಿಗೆ ಬಂದಿದ್ರಲ್ರೀ. ಮೊಗುಲಪ್ಪ ಅನ್ನೋರ ಮನಿಗೆ. ಇದನ್ನ ಕೊಡಾಕ, ಅವ್ರ ಮಗ ಹ್ಯಾಂಗ ಕಾಣದಂಗಾದ ಅಂತ ಹೇಳಾಕ. ಆ ಹೆಸರಿನಾಂವ ನಮ್ಮ ಮನ್ಯಾಗ ಹುಟ್ಟೇ ಇಲ್ಲ ಅಂದ್ರಂತ. ಮನಿ ತಪ್ಪೇತಿ ಅಂತ ತಿಳಕೊಂಡು ತಿರುಗಿ ಬಂದ್ರು. ಆಮ್ಯಾಲ ಎಷ್ಟೋ ಸಲ ಹೋಗಿ ಹುಡುಕಿದ್ರು, ಸಿಗಲಿಲ್ಲ."

ಮನೆ ತಪ್ಪಿರಲಿಲ್ಲ. ಅದು ನಮ್ಮದೇ, ಹಾಗಂದವನು ಅಪ್ಪನೇ ಇರಬೇಕು. ಕೊಟ್ಟ ಅಂಬಲಿ ಕುಡಿದು ಎದ್ದು ಬಂದೆ.

೨೯ ಬಹಮನ್, ಗದ್ವಾಲ

ಕೃಷ್ಣೆ ದಾಟಿದೆ. ಹರಿಗೋಲಿನವನು ಏನೋ ಹೇಳುತ್ತಲೇ ಇದ್ದ, ಒಂದೂ ಕಿವಿಗೆ ಬೀಳಲಿಲ್ಲ.

ಅತ್ತಿಗೆಯ ತಲೆ ಬೆಳ್ಳಗಾಗಿದೆ. ಕೈತುಂಬ ಹಸಿರು ಬಳೆ. ಕಾಗದ ಕೇಳಿದೆ. ಕುಂಕುಮದ ಭರಣಿಯ ಕೆಳಗಿಂದ ತೆಗೆದುಕೊಟ್ಟಳು. ಮಡಿಕೆಗಳು ಹರಿದಿವೆ, ಆ ಪದ ಹರಿದಿಲ್ಲ. ಅದರ ನಡುವಿನ ಅಕ್ಷರದ ಮೇಲೆ ಒಂದು ಸಣ್ಣ ಅಡ್ಡಗೆರೆ. ಅವಸರದ ಕೈಯಲ್ಲಿ ಎರಡು ಚುಕ್ಕೆ ಕೂಡಿ ಗೆರೆಯಾಗುತ್ತವೆ, ಈಗ ನಾನೇ ದಿನಕ್ಕೆ ನೂರು ಸಲ ಹಾಗೆ ಎಳೆಯುತ್ತೇನೆ. ಆಗ ಅಚ್ಚಿನ ಪುಸ್ತಕ ಬಿಟ್ಟು ಬೇರೇನೂ ಓದಿರಲಿಲ್ಲ.

"ಅತ್ತಿಗಿ, ನಾ ತಪ್ಪು ಓದಿದ್ನಿರಿ. ಅಣ್ಣ ಓಡಿ ಹೋಗಿಲ್ಲ. ಲಡಾಯ್ಯಾಗ ಕಾಣದಂಗ ಆಗ್ಯಾನ."

ಕೈಯ ಬಳೆ ತಿರುವಿದಳು.

"ಓಡಿ ಹೋದಾಂವ ಒಂದಿನ ತಾನಾಗೇ ಬರ್ತಾನಂತ ಕುಂತಿದ್ದೆ" ಅಂದಳು. "ಕಳದಾಂವನ್ನ ಹುಡುಕಬೇಕಿತ್ತಲ್ಲೋ, ಎಂಕಪ್ಪ. ಒಬ್ರೂ ಹುಡುಕಲಿಲ್ಲಲ್ಲ."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಿತ್ತು. ಹೊರಡುವಾಗ ಕಾಗದ ನನ್ನ ಕೈಗಿಟ್ಟಳು. "ಈಗರ ಒಂದು ಅರ್ಜಿ ಬರಿ."

೩ ಇಸ್ಫಂದಾರ್, ನಾರಾಯಣಪೇಟೆ

ರಿವಾಲ್ವರ್ ಜಪ್ತಿ ಸಾಮಾನಿಡುವ ಮಾಲಖಾನೆಗೆ ಹೋಯಿತು. ಅಮೀನ್ ಸಾಹೇಬರಿಗೆ ಪೂರಾ ತಿಳಿಯಿತು, ಕೆಲಸ ಚೆನ್ನಾಗಿ ಮಾಡಿದಿ ಅಂದರು.

ಅರ್ಜಿಗೆ ಕೂತಿದ್ದೇನೆ. ಹೈದರಾಬಾದಿನವರು ಪತ್ತೆಯಿಲ್ಲ ಅಂತಲೇ ಉತ್ತರ ಕೊಡುತ್ತಾರೆ ಅನ್ನುವುದು ಗೊತ್ತಿದೆ. ಅತ್ತಿಗೆಗೂ ಗೊತ್ತಿರಬೇಕು. ಆದರೂ ಬರೆದೆ. ಹೆಸರು ಆದೆಪ್ಪ. ವಲ್ದ ಮೊಗುಲಪ್ಪ. ಮಫ್ಕೂದ್. ಗೆರೆ ಎಳೆಯಲಿಲ್ಲ, ಎರಡು ಚುಕ್ಕೆಯನ್ನು ಬಿಡಿಬಿಡಿಯಾಗಿ ಇಟ್ಟೆ. ಯಾವ ಹುಡುಗ ಓದಿದರೂ ತಪ್ಪಬಾರದು.

ಕೊನೆಗೆ ಅರ್ಜಿದಾರನ ಹೆಸರು. ಎಂಕಪ್ಪ. ಅರ್ಜಿದಾರ ಕಾಣೆಯಾದವನಿಗೆ ಏನಾಗಬೇಕು ಅಂತ ಒಂದು ಕಾಲಂ. ತಮ್ಮ ಅಂತ ಬರೆಯಬೇಕು. ಲೇಖನಿಯನ್ನು ಮತ್ತೆ ಮಸಿಯಲ್ಲಿ ಅದ್ದಿ ಅದನ್ನೂ ಬರೆದೆ.